ದೊಡ್ಡತ್ತೆಯ ಕಣ್ಣೆದುರು ಮಲಗಿದ್ದ ವರ್ಷ

ಬೆನ್ನುಮೂಳೆಗೂ ಕ್ಷಯ ಬರುತ್ತದೆ ಅನ್ನುವುದು ನನಗೆ ಗೊತ್ತಾದದ್ದು ನನಗೇ ಬಂದ ಮೇಲೆ. ಅಲ್ಲಿಯವರೆಗೆ ಕ್ಷಯ ಅಂದರೆ ಕೆಮ್ಮು, ರಕ್ತ, ಕಡ್ಡಿಯಂತಾಗಿ ಸಾಯುವುದು ಎಂದಷ್ಟೇ ತಿಳಿದಿದ್ದೆ. ನಾನು ಒಂದು ದಿನವೂ ಕೆಮ್ಮಲಿಲ್ಲ. ನನಗೆ ಬೆನ್ನು ನೋಯುತ್ತಿತ್ತು, ಅಷ್ಟೆ.

ಈಚೆಗೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳಿಗೆ ಇದೇ ಕಾಯಿಲೆ ಎಂದು ಗೊತ್ತಾಯಿತು. ಅವಳ ತಾಯಿ ನನ್ನ ಹತ್ತಿರ ಬಂದು ಕೂತು, ನೀವು ಹೇಗೆ ತಡೆದುಕೊಂಡಿರಿ ಎಂದು ಕೇಳಿದರು. ಔಷಧಿಯ ವಿಚಾರ ನನಗೆ ಗೊತ್ತಿಲ್ಲ, ಅದನ್ನು ಡಾಕ್ಟರು ಹೇಳುತ್ತಾರೆ. ಈಗಿನ ಔಷಧಿಯೂ ಬೇರೆ. ನನಗೆ ಗೊತ್ತಿರುವುದು ಮಲಗಿರುವುದರ ವಿಚಾರ. ಯಾರ ಕೈಕೆಳಗೆ ಮಲಗಿರುತ್ತೇವೆ ಅನ್ನುವ ವಿಚಾರ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಮ್ಮ ಊರು ಕೊಡಿಗೇಹಳ್ಳಿ. ಆಗ ಅದು ಹಳ್ಳಿಯೇ. ಸುತ್ತಲೂ ರಾಗಿ ಹೊಲ, ನಡುನಡುವೆ ದ್ರಾಕ್ಷಿ ತೋಟ. ನಮ್ಮದೂ ಒಂದು ದ್ರಾಕ್ಷಿ ತೋಟವಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ಮದುವೆಯಾಗದ ಚಿಕ್ಕಪ್ಪ, ನಾನು, ನನ್ನ ತಂಗಿ ರತ್ನ. ಮತ್ತೆ ದೊಡ್ಡತ್ತೆ. ಅಪ್ಪನ ಅಕ್ಕ. ಹೆಸರು ಅಕ್ಕಯ್ಯಮ್ಮ. ಅಪ್ಪ, ಚಿಕ್ಕಪ್ಪ, ಅಮ್ಮ ಎಲ್ಲರೂ ಅವರನ್ನು ಅಕ್ಕಯ್ಯ ಅನ್ನುತ್ತಿದ್ದರು. ನಾನು ಅಮ್ಮನನ್ನು 'ಅವಳು' ಎಂದು ಬರೆದು ದೊಡ್ಡತ್ತೆಯನ್ನು 'ಅವರು' ಎಂದು ಬರೆಯುತ್ತೇನೆ. ಇಷ್ಟು ವರ್ಷವಾದರೂ ಬೇರೆ ಥರ ಬರೆಯಲು ಕೈ ಬರುವುದಿಲ್ಲ.

ದೊಡ್ಡತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಂದ ಸ್ವಲ್ಪ ದಿನಕ್ಕೇ ಪ್ಲೇಗು ಬಂದು ಅವರ ತಾಯಿತಂದೆ ಬೆನ್ನುಬೆನ್ನಿಗೆ ಹೋದರು. ಅಪ್ಪ ಆಗ ಸಣ್ಣ ಹುಡುಗ, ಚಿಕ್ಕಪ್ಪ ಕೈಕೂಸು. ಬಂಧುಗಳು ಹೊಲದ ಮೇಲೆ ಕಣ್ಣು ಹಾಕಿದಾಗ ಆ ಹೆಂಗಸು ಬದುವಿನ ಮೇಲೆ ಕುಡುಗೋಲು ಹಿಡಿದು ನಿಂತರಂತೆ. ಬಾವಿ ತೋಡಿಸಿದ್ದು ಅವರು, ದ್ರಾಕ್ಷಿ ಬಳ್ಳಿ ನೆಡಿಸಿದ್ದು ಅವರು. ಎದೆಹಾಲು ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಾನೇ ಕೊಟ್ಟಿದ್ದೀನಿ ಎಂದು ಅವರು ತಮ್ಮಂದಿರಿಗೆ ಹೇಳುತ್ತಿದ್ದರು. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ನಮ್ಮ ಮನೆಯ ಕಥೆಯೇ ಬೇರೆ ಆಗುತ್ತಿತ್ತು.

ಅವರು ಕೂಗಾಡುವವರಲ್ಲ. ಕೈ ಎತ್ತಿದ್ದನ್ನೂ ನಾನು ಕಂಡಿಲ್ಲ. ಯಾರ ಮೇಲಾದರೂ ಕೋಪ ಬಂದರೆ ಮಾತು ಬಿಡುತ್ತಿದ್ದರು. ಅವರು ಬಿಟ್ಟ ಮೇಲೆ ಮನೆಯಲ್ಲಿ ಉಳಿದವರೂ ಆ ತಪ್ಪು ಮಾಡಿದವರೊಂದಿಗೆ ಮಾತಾಡಬಾರದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಇನ್ನೂ ದೊಡ್ಡ ತಪ್ಪಾದರೆ ಉಣ್ಣುವುದನ್ನು ಬಿಡುತ್ತಿದ್ದರು. ಆಗ ಅಪ್ಪ ಹೋಗಿ ಅವರ ಕಾಲ ಬಳಿ ಕೂರುತ್ತಿದ್ದ. ನಾನು ಚಿಕ್ಕವಳಿದ್ದಾಗ ಅಮ್ಮ ಒಮ್ಮೆ ಹೇಳದೆ ಸೋಲದೇವನಹಳ್ಳಿಯ ತನ್ನ ತವರಿಗೆ, ಅಣ್ಣನ ಮಗುವನ್ನು ನೋಡಿಬರಲು ಹೋಗಿದ್ದಳು. ಕಾರ್ತಿಕ ಮಾಸವೆಲ್ಲಾ ಅವಳೊಂದಿಗೆ ಯಾರೂ ಮಾತಾಡಲಿಲ್ಲ, ಅಪ್ಪನೂ ಸೇರಿ. ಅಮ್ಮ ಹಸುವಿನ ಜೊತೆ ಮಾತಾಡುತ್ತಿದ್ದದ್ದು ನನಗೆ ನೆನಪಿದೆ. ಆಮೇಲೆ ಅವಳು ತವರಿನ ಮಾತೆತ್ತಲಿಲ್ಲ.

ನನಗೆ ನೋವು ಶುರುವಾದದ್ದು ತೋಟದಲ್ಲಿ. ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ ಮುಗಿಸಿ ಸ್ಕೂಲು ಬಿಟ್ಟಿದ್ದೆ. ಹದಿನೈದೋ ಹದಿನಾರೋ ವಯಸ್ಸು. ದ್ರಾಕ್ಷಿ ಚಪ್ಪರದ ಕೆಳಗೆ ಕೈ ಮೇಲೆತ್ತಿ ಗೊಂಚಲು ಕತ್ತರಿಸಬೇಕು. ಕೈ ಎತ್ತಿದರೆ ಎರಡು ರೆಕ್ಕೆಮೂಳೆಗಳ ನಡುವೆ ಸ್ವಲ್ಪ ಕೆಳಗೆ ಯಾರೋ ಬೆರಳಿಟ್ಟು ಒತ್ತಿದಂತೆ ಆಗುತ್ತಿತ್ತು. ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತಿತ್ತು. ದೊಡ್ಡತ್ತೆಗೆ ಹೇಳಿದೆ. ಓದಿದ ಮೈಗೆ ಕೆಲಸ ಒಗ್ಗೋದಿಲ್ಲ, ಒಂದು ಸುಗ್ಗಿ ಕಳೀಲಿ ಸರಿ ಹೋಗುತ್ತೆ ಅಂದರು. ಆಮೇಲೆ ನೋವೆಂದು ಹೇಳುವುದನ್ನೇ ಬಿಟ್ಟೆ. ಮನೆಯಲ್ಲಿ ಯಾವುದಕ್ಕಾದರೂ ಹೆಸರಿಡುತ್ತಿದ್ದವರು ಅವರು. ಅವರು ಸೋಮಾರಿತನ ಎಂದು ಹೆಸರಿಟ್ಟ ಮೇಲೆ ನನಗೂ ಅದು ಸೋಮಾರಿತನವೇ ಇರಬೇಕು ಅನ್ನಿಸಿತು.

ಬೆನ್ನಿನಲ್ಲಿ ಸಣ್ಣ ಗಂಟಿನಂತೆ ಎದ್ದಾಗ ಮೂಳೆ ಕೂರಿಸುವವನನ್ನು ಅವರೇ ಕರೆಸಿದರು. ಅವನು ಬಿಸಿ ಎಣ್ಣೆ ಹಾಕಿ ಮಂಡಿಯೂರಿ ಒತ್ತಿದ. ನಾನು ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಅದಾದ ಮೇಲೆ ಕಾಲು ನನ್ನ ಮಾತು ಕೇಳುವುದನ್ನು ಕಡಿಮೆ ಮಾಡಿತು. ನಡೆಯುವಾಗ ಹೆಬ್ಬೆರಳು ನೆಲಕ್ಕೆ ಎಳೆಯುತ್ತಿತ್ತು. ಒಂದು ಬೆಳಿಗ್ಗೆ ಅಮ್ಮ ಅಡಿಗೆಮನೆಯ ನೆಲದ ಮೇಲೆ ರಕ್ತದ ಗೆರೆ ನೋಡಿದಳು. ಅದರ ಜಾಡು ಹಿಡಿದು ಬಂದು ನನ್ನ ಮುಂದೆ ನಿಂತಳು. ನನ್ನ ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ದೊಡ್ಡತ್ತೆಯನ್ನು ಕೇಳಿದ. ದ್ರಾಕ್ಷಿ ಕೊಯ್ಲು ಮುಗಿಯಲಿ ಎಂಬ ಉತ್ತರ ಬಂತು. ಮರುದಿನವೇ ದೊಡ್ಡತ್ತೆ ಯಲಹಂಕದ ಕಡೆ ಒಂದು ಮದುವೆಗೆ ಹೋದರು. ಅವರು ಹೋದ ಮೇಲೆ ಅಮ್ಮ ಒಲೆ ಆರಿಸಿ, ಸೀರೆ ಬದಲಾಯಿಸಿ, ನನ್ನ ಸೊಂಟಕ್ಕೆ ಕೈ ಹಾಕಿ ನಡೆಸಿಕೊಂಡು ಹೊರಟಳು. ಹೆಬ್ಬಾಳದವರೆಗೆ ಯಾರದೋ ಗಾಡಿ, ಅಲ್ಲಿಂದ ಬಸ್ಸು. ಪೇಟೆಯ ದೊಡ್ಡಾಸ್ಪತ್ರೆ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಕೇಳಿದಳು. ಅಮ್ಮ ಅಷ್ಟು ಜನ ಅಪರಿಚಿತರ ಜೊತೆ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ನಮ್ಮಂಥವರು ತುಂಬ ಜನ ಇದ್ದರು. ನನ್ನ ಪಕ್ಕ ಗೊರಗುಂಟೆಪಾಳ್ಯದ ಒಬ್ಬ ಹೆಂಗಸು. ಅವಳ ಸೊಂಟದಿಂದ ಕಂಕುಳವರೆಗೆ ರವಿಕೆಯ ಕೆಳಗೆ ಏನೋ ಗಟ್ಟಿಯಾಗಿ ಉಬ್ಬಿತ್ತು. ನಾನು ದಿಟ್ಟಿಸುವುದನ್ನು ಕಂಡು ಅವಳೇ ನನ್ನ ಬೆರಳು ಹಿಡಿದು ಅದರ ಮೇಲೆ ತಟ್ಟಿಸಿದಳು. ಗೋಡೆ ತಟ್ಟಿದಂತೆ ಸದ್ದಾಯಿತು. ನನಗೂ ನಿನ್ನಂಗೇ ಆಗಿತ್ತು, ಮಲಗೋದು ಕಲೀಬೇಕು ಅಂದಳು. ಮೊದಮೊದಲು ಅಳು ಬರುತ್ತೆ, ಆಮೇಲೆ ಸೂರು ನೋಡೋದು ಅಭ್ಯಾಸ ಆಗುತ್ತೆ, ಆದರೆ ಒಂದು ಮಾತು, ಡಾಕ್ಟರು ಬಾ ಅಂದ ದಿನ ಬಂದುಬಿಡಬೇಕು, ತಡ ಮಾಡಬಾರದು ಎಂದಳು. ಅವಳ ಹೆಸರು ಕೇಳಲಿಲ್ಲ. ಆ ಬೆಂಚಿನ ಮೇಲೆ ಅವಳು ಕೂತಿರದಿದ್ದರೆ ನಾನು ಒಳಗೆ ಹೋಗುವ ಮೊದಲೇ ಹೆದರಿ ಸತ್ತಿರುತ್ತಿದ್ದೆ.

ಎಕ್ಸ್‌ರೇ ಹಲಗೆ ಹಿಮದಷ್ಟು ತಣ್ಣಗಿತ್ತು. ಡಾಕ್ಟರು ವಯಸ್ಸಾದವರು, ನಿಧಾನದ ಮಾತು. ಬೆನ್ನುಮೂಳೆಗೆ ಕ್ಷಯ ಹತ್ತಿದೆ, ಪ್ಲಾಸ್ಟರ್ ಹಾಕಿ ಮಲಗಿಸಬೇಕು, ಇಂಜೆಕ್ಷನ್ ಕೊಡಬೇಕು, ವರ್ಷ ಹಿಡಿಯಬಹುದು, ಆದರೆ ವಾಸಿಯಾಗುತ್ತದೆ, ಇನ್ನು ಬಿಟ್ಟರೆ ಕಾಲು ಪೂರ್ತಿ ಹೋಗುತ್ತದೆ ಎಂದರು. ಅಮ್ಮನಿಗೆ ಕೇಳಿಸಿದ್ದು ಕ್ಷಯ ಅನ್ನುವ ಒಂದೇ ಮಾತು. ವಾಸಿಯಾಗುತ್ತದೆ ಎಂಬುದು ನನಗೆ ಕೇಳಿಸಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನೇ ಅವಳಿಗೆ ಮತ್ತೆ ಮತ್ತೆ ಹೇಳಿದೆ.

ದೊಡ್ಡತ್ತೆ ಮದುವೆಯಿಂದ ಬಂದರು. ಮನೆ ಮುಳುಗುತ್ತದೆ ಎಂದುಕೊಂಡಿದ್ದೆವು. ಅವರು ಎಲ್ಲ ಕೇಳಿಸಿಕೊಂಡರು, ಎಲೆಅಡಿಕೆ ಹಾಕಿಕೊಂಡರು, ನಾಳೆ ನಾನೇ ಬರ್ತೀನಿ ಅಂದರು. ಮರುದಿನ ಅಪ್ಪನನ್ನು ಜೊತೆಗೆ ಕರೆದುಕೊಂಡು ನನ್ನನ್ನು ಆಸ್ಪತ್ರೆಗೆ ಒಯ್ದು ಡಾಕ್ಟರ ಎದುರು ಕೂತು, ಏನು ಉಣಿಸಬೇಕು, ಹೇಗೆ ಹೊರಳಿಸಬೇಕು, ಎಲ್ಲವನ್ನೂ ಕೇಳಿದರು. ಇಂಥ ಮನೆಯವರಿದ್ದರೆ ಅರ್ಧ ಕಾಯಿಲೆ ಅಲ್ಲೇ ವಾಸಿ ಎಂದು ಡಾಕ್ಟರು ನಕ್ಕರು. ಆ ದಿನದಿಂದ ನನ್ನ ಕಾಯಿಲೆ ದೊಡ್ಡತ್ತೆಯದಾಯಿತು. ಅಮ್ಮನೊಂದಿಗೆ ಅವರು ಮಾತು ಬಿಟ್ಟರು.

ಒದ್ದೆ ಪ್ಲಾಸ್ಟರ್ ಪಟ್ಟಿಗಳನ್ನು ಕಂಕುಳಿಂದ ತೊಡೆಯವರೆಗೆ ಸುತ್ತುತ್ತಾರೆ. ಮೊದಲು ತಣ್ಣಗಿರುತ್ತದೆ. ಗಟ್ಟಿಯಾಗುತ್ತಾ ಬಿಸಿಯಾಗುತ್ತದೆ, ಯಾರೋ ಅಪ್ಪಿಕೊಂಡ ಹಾಗೆ. ಒಣಗಿದ ಮೇಲೆ ಆ ಅಪ್ಪುಗೆ ಬಿಡುವುದಿಲ್ಲ. ಊಟ ಸ್ವಲ್ಪ ಹೆಚ್ಚಾದರೆ ಹೊಟ್ಟೆ ಉಬ್ಬಲು ಜಾಗವಿಲ್ಲ. ಅತ್ತರೆ ಬಿಕ್ಕಲು ಜಾಗವಿಲ್ಲ. ಕೆರೆತ ಬಂದರೆ ತೆಂಗಿನಗರಿಯ ಕಡ್ಡಿ ಒಳಗೆ ತೂರಿಸಿ ಆಡಿಸಬೇಕು. ಇರುವೆ ಒಂದು ಒಳಗೆ ಹೋದರೆ ಅದು ತಾನಾಗಿ ಹೊರಬರುವವರೆಗೂ ನಾವು ದೇವರನ್ನು ನೆನೆಯಬೇಕು.

ನನ್ನ ಹಗ್ಗದ ಮಂಚವನ್ನು ದೊಡ್ಡತ್ತೆ ಒಳಕೋಣೆಯಲ್ಲಿ ಹಾಕಿಸಲಿಲ್ಲ. ಪಡಸಾಲೆಯಲ್ಲಿ ಕಂಬದ ಪಕ್ಕ, ತಾವು ದಿನವೆಲ್ಲಾ ಕೂರುವ ಚಾಪೆಯ ಎದುರಿಗೆ ಹಾಕಿಸಿದರು. ನೋಡಿಕೊಳ್ಳಲು ಅನುಕೂಲ ಎಂದರು. ನೋಡಿಕೊಂಡರು ಕೂಡ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಲೆ ಬಾಚಿದರು, ಮಲಮೂತ್ರ ತೆಗೆದರು, ಮೊಟ್ಟೆಯೊಡೆದು ಹಾಲಿಗೆ ಹಾಕಿ ಚಮಚದಲ್ಲಿ ಕುಡಿಸಿದರು. ಹೆಬ್ಬಾಳದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಕಾಂಪೌಂಡರ್ ಇಂಜೆಕ್ಷನ್ ಚುಚ್ಚುವಾಗ ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದರು. ಇಂಜೆಕ್ಷನ್ನಿನಿಂದ ಕಿವಿ ಗುಂಯ್ ಅನ್ನುತ್ತಿದ್ದಾಗ ಮನೆಯಲ್ಲಿ ಪಾತ್ರೆಯ ಸದ್ದೂ ಆಗದಂತೆ ನೋಡಿಕೊಂಡರು. ಅವರ ಕೈ ಗಟ್ಟಿ, ಆದರೆ ನೋಯಿಸದ ಕೈ.

ಆ ಕೈ ಬಿಟ್ಟು ಬೇರೆ ಕೈ ನನ್ನನ್ನು ಮುಟ್ಟುವಂತಿರಲಿಲ್ಲ. ಅಮ್ಮ ಗಂಜಿ ತಂದರೆ ತಟ್ಟೆಯನ್ನು ದೊಡ್ಡತ್ತೆ ಇಸಿದುಕೊಳ್ಳುತ್ತಿದ್ದರು. ಅವಳಿಗೆ ನೇರವಾಗಿ ಹೇಳದೆ ಗೋಡೆಗೆ ಹೇಳುತ್ತಿದ್ದರು. ಒಂದು ಸಲ ನನಗೆ ಕೇಳುವಂತೆಯೇ ಅಂದರು.

"ಅವಳ ಕೈಯಾಗೆ ಇದ್ದಾಗ್ಲೇ ತಾನೆ ಮಗೀಗೆ ಇಂಗಾಗಿದ್ದು."

ಅಮ್ಮನಿಗೆ ಉಳಿದದ್ದು ಪಡಸಾಲೆ ಗುಡಿಸುವ ಕೆಲಸ. ದಿನಕ್ಕೆ ಎರಡು ಹೊತ್ತು ಪೊರಕೆ ಹಿಡಿದು ಬಂದು ಮಂಚದ ಸುತ್ತ ನಿಧಾನವಾಗಿ ಗುಡಿಸುತ್ತಿದ್ದಳು. ಮಂಚದ ಕೆಳಗೆ ಬಗ್ಗಿದಾಗ ಅವಳ ಕೈ ಹಗ್ಗದ ಸಂದಿಯಿಂದ ಬಂದು ನನ್ನ ಕಾಲನ್ನು ಮುಟ್ಟಿ ಹೋಗುತ್ತಿತ್ತು. ಕಾಲಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅವಳ ಬೆನ್ನು ಬಗ್ಗಿದ್ದು ಓರೆಗಣ್ಣಿಗೆ ಕಂಡು ನಾನೇ ತಿಳಿದುಕೊಳ್ಳುತ್ತಿದ್ದೆ.

ಬಂದವರಿಗೆಲ್ಲ, ಹುಣಸೇಮರದಿಂದ ಬಿದ್ದು ಬೆನ್ನು ಮುರಿದುಕೊಂಡಳು ಎಂದು ಹೇಳಬೇಕೆಂದು ಅಪ್ಪಣೆಯಾಯಿತು. ಕ್ಷಯ ಎಂಬ ಸುದ್ದಿ ಹೊರಗೆ ಹೋದರೆ ರತ್ನಳಿಗೂ ಗಂಡು ಸಿಗುವುದಿಲ್ಲ. ಎಲ್ಲರೂ ಹಾಗೇ ಹೇಳಿದರು. ಕೊನೆಗೆ ನಾನೂ ಹೇಳಿದೆ. ನೋಡಲು ಬಂದ ಹೆಂಗಸರು, ಹೆಣ್ಣುಮಗಳಿಗೆ ಮರ ಹತ್ತುವ ಉಸಾಬರಿ ಯಾಕೆ ಬೇಕಿತ್ತು ಎಂದು ಬೈದು ಹೋಗುತ್ತಿದ್ದರು. ನಾನು ಯಾವ ಮರವನ್ನೂ ಹತ್ತಿರಲಿಲ್ಲ.

ಮಲಗಿದವರ ಎದುರು ಜನ ಯಾರೂ ಇಲ್ಲವೆಂಬಂತೆ ಮಾತಾಡುತ್ತಾರೆ. ಆ ವರ್ಷ ನಮ್ಮ ಮನೆ ಹೇಗೆ ನಡೆಯುತ್ತದೆ ಅನ್ನುವುದು ನನಗೆ ತಿಳಿಯಿತು. ಚಿಕ್ಕಪ್ಪನಿಗೆ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಗುವಂತಿತ್ತು. ಸಮವಸ್ತ್ರ, ಕ್ಯಾಂಟೀನು, ಭಾನುವಾರ ರಜೆ. ಅವನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ಒಂದು ಮಧ್ಯಾಹ್ನ ದೊಡ್ಡತ್ತೆಯ ಮುಂದೆ ನಿಂತು ಹೇಳಿದ. ಅವರು ಬೇಡ ಎನ್ನಲಿಲ್ಲ. ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಓಗಪ್ಪ. ನಾನು ಸತ್ತ ಮೇಲೆ ಓಗೋದಕ್ಕಿಂತ ಈಗ್ಲೇ ಓಗೋದು ವಾಸಿ. ನಿನ್ನ ಕಾಲಿಗೆ ಹಗ್ಗ ಕಟ್ಟೋಕೆ ನಾನೇನು ಎತ್ತ ತಾಯಾ?"

ಅವನು ಹೋಗಲಿಲ್ಲ. ಅಂದು ಸಂಜೆಯೇ ತೋಟಕ್ಕೆ ಗೊಬ್ಬರ ಹೊತ್ತ. ಎರಡು ದಿನ ಬಿಟ್ಟು ಅವರು ಅವನಿಗೆ ಇಷ್ಟವಾದ ಹಿತಕಿದಬೇಳೆ ಸಾರು ಮಾಡಿಸಿದರು. ಅವನು ತಲೆ ತಗ್ಗಿಸಿಕೊಂಡು ಉಂಡ. ಅದನ್ನೆಲ್ಲ ನಾನು ಕೇಳಿಸಿಕೊಂಡೆ. ಕಂಬದ ಪಕ್ಕ ಕಟ್ಟುಹಾಕಿಸಿಕೊಂಡು ಮಲಗಿದ್ದವಳು ನಾನೊಬ್ಬಳೇ ಅಲ್ಲ ಎಂದು ಅಂದು ಅನ್ನಿಸಿತು. ಆದರೆ ಅದರಿಂದ ಸಮಾಧಾನವೇನೂ ಆಗಲಿಲ್ಲ, ಹೆದರಿಕೆ ಹೆಚ್ಚಾಯಿತು. ಪ್ಲಾಸ್ಟರನ್ನಾದರೆ ಕತ್ತರಿಸಿ ತೆಗೆಯುತ್ತಾರೆ.

ಮಳೆಗಾಲ ಮುಗಿದ ಮೇಲೆ ಪ್ಲಾಸ್ಟರ್ ಬಿಚ್ಚಿ ನೋಡಬೇಕು, ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಮಳೆ ನಿಂತಿತು. ಪಿತೃಪಕ್ಷದಲ್ಲಿ ಬೇಡ ಅಂದರು ದೊಡ್ಡತ್ತೆ. ಆಮೇಲೆ ದಸರಾ ಆಗಲಿ ಅಂದರು. ದೀಪಾವಳಿಯೂ ಆಯಿತು. ಆ ಹೊತ್ತಿಗೆ ನನ್ನ ಕಾಲಿಗೆ ಜೀವ ಬಂದಿತ್ತು. ಅಮ್ಮ ಮಂಚದ ಕೆಳಗಿಂದ ಮುಟ್ಟಿದರೆ ಗೊತ್ತಾಗುತ್ತಿತ್ತು. ಬೆರಳು ಮಡಿಸಿ ಬಿಡಿಸಲು ಬರುತ್ತಿತ್ತು. ಖುಷಿಯಿಂದ ದೊಡ್ಡತ್ತೆಗೆ ತೋರಿಸಿದೆ. ಅವರು ನನ್ನ ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಎದ್ದು ಎಲ್ಲಿಗೆ ಓಗ್ತೀಯ ಮಗ? ಬೆನ್ನು ಗೂನಾದೋಳ್ನ ಯಾರು ಕಟ್ಕೊಂತಾರೆ? ನನ್ನ ಜತೆಗೇ ಇದ್ಬಿಡು. ನಾನು ಇರೋಗಂಟ ನಾನು ನೋಡ್ಕೊತೀನಿ. ಆಮೇಲೆ ಈ ಮನೆ ನಿನ್ನ ಕೈಗೆ. ನಿಮ್ಮಪ್ಪ, ಚಿಕ್ಕಪ್ಪ ಎಲ್ಲಾ ನಿನ್ನ ಮಾತೇ ಕೇಳ್ತಾರೆ, ನಾನು ಅವರಿಗೆ ಏಳಿರ್ತೀನಿ."

ಅವರು ಹಾಗೆ ಹೇಳಿದ್ದು ಪ್ರೀತಿಯಿಂದ. ಈಗ ಯೋಚಿಸಿದರೆ ಅವರಿಗೆ ಕೊಡಲು ಇದ್ದದ್ದು ಅದೊಂದೇ, ಅದನ್ನು ನನಗೆ ಕೊಡಲು ಬಂದರು ಎಂದು ತಿಳಿಯುತ್ತದೆ. ಆಗ ನನಗೆ ಹೆದರಿಕೆಯಾಯಿತು. ಡಾಕ್ಟರು ಕ್ಷಯ ಅಂದಾಗಲೂ ಆಗದಂಥ ಭಯ ಅದು. ನನ್ನನ್ನು ಅವರು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ. ಸಂಕ್ರಾಂತಿ ಬರುತ್ತದೆ, ಯುಗಾದಿ ಬರುತ್ತದೆ, ಯಾವಾಗಲೂ ಏನಾದರೂ ಒಂದು ಹಬ್ಬ ಬರುತ್ತದೆ. ಮುದುಕಿಯಾಗುವವರೆಗೂ ಆ ಕಂಬದ ಪಕ್ಕ ಮಲಗಿರುವವಳಂತೆ ನನಗೆ ನಾನೇ ಕಂಡೆ. ಅಪ್ಪ ತೋಟದಿಂದ ಬಂದಾಗ ಹೇಳಿದೆ. ಅವನು ನನ್ನ ಕಾಲಬೆರಳುಗಳನ್ನೇ ನೋಡಿದ. ಅಕ್ಕಯ್ಯನ್ನ ಕೇಳ್ತೀನಿ ಅಂದು ಎದ್ದು ಹೋದ. ಅವನು ಕೇಳಲಿಲ್ಲ.

ಆಮೇಲೆ ಜ್ವರ ಬರತೊಡಗಿತು. ಸೊಂಟದ ಹಿಂದೆ ಪ್ಲಾಸ್ಟರಿನ ಒಳಗೆ ಒಂದು ಕಡೆ ಉರಿ. ದೊಡ್ಡತ್ತೆ ಹವಾ ಬದಲಾಗಿದ್ದಕ್ಕೆ ಅಂದರು, ಕಷಾಯ ಕೊಟ್ಟರು. ಒಂದು ಬೆಳಿಗ್ಗೆ ಅಮ್ಮ ಗುಡಿಸುತ್ತಾ ಬಂದವಳು ಮಂಚದ ಕೆಳಗೆ ಬಗ್ಗಿ ಅಲ್ಲೇ ನಿಂತಳು. ಅವಳು ಮೂಸಿದ್ದು ನನಗೆ ಕೇಳಿಸಿತು. ಎದ್ದಾಗ ಅವಳ ಮುಖ ಬೇರೆಯವಳ ಮುಖದಂತಿತ್ತು. ಪೊರಕೆಯನ್ನು ಮೂಲೆಗೆ ಇಡಲಿಲ್ಲ, ಅಲ್ಲೇ ನೆಲದ ಮೇಲೆ ಬಿಟ್ಟಳು. ದೊಡ್ಡತ್ತೆ ಚಾಪೆಯ ಮೇಲೆ ಕೂತಿದ್ದರು. ಅಪ್ಪ, ಚಿಕ್ಕಪ್ಪ ತಿಂಡಿಗೆಂದು ಒಳಗೆ ಬರುತ್ತಿದ್ದರು. ಅಷ್ಟು ಕಾಲ ಮಾತು ಬಿಟ್ಟಿದ್ದವರ ಎದುರು ಹೋಗಿ ಅಮ್ಮ ನಿಂತಳು.

"ಅಕ್ಕಯ್ಯ, ಒಳಗೆ ಕೀವಾಗೈತೆ. ನನ್ನ ಮಗಳನ್ನ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ. ಈಗ್ಲೇ."

ದೊಡ್ಡತ್ತೆ ಅವಳ ಕಡೆ ನೋಡಲಿಲ್ಲ. ಅಪ್ಪನನ್ನು ನೋಡಿದರು. ಅಪ್ಪ ನೆಲ ನೋಡಿದ. ಆಗ ಅವರು ಅಮ್ಮನಿಗೇ ನೇರವಾಗಿ ಉತ್ತರ ಕೊಟ್ಟರು.

"ಕರ್ಕೊಂಡೋಗು. ನನ್ನ ಮಾತು ಮೀರಿ ಓದ್ಮೇಲೆ ಅವಳು ಈ ಒಸ್ಲು ತುಳಿಯಂಗಿಲ್ಲ."

"ತುಳಿಯಾಕೆ ಕಾಲು ಬಂದ್ರೆ ಸಾಕು ಅಕ್ಕಯ್ಯ," ಅಂದಳು ಅಮ್ಮ.

ಅವಳ ದನಿ ಏರಿರಲಿಲ್ಲ. ಹಾಗೆ ಹೇಳಿ ಬಂದು ಮಂಚದ ತಲೆಯ ಕಡೆ ಹಿಡಿದಳು. ಅವಳೊಬ್ಬಳಿಂದ ಎತ್ತಲು ಆಗುವಂಥದ್ದಲ್ಲ, ಪ್ಲಾಸ್ಟರೇ ಅಷ್ಟು ಭಾರ. ಆದರೂ ಎತ್ತಲು ನೋಡಿದಳು. ಮಂಚದ ಕಾಲು ನೆಲಕ್ಕೆ ಉಜ್ಜಿದ ಸದ್ದಾಯಿತು. ಆಗ ಅಪ್ಪ ಬಂದು ಇನ್ನೊಂದು ತುದಿ ಹಿಡಿದ. ಅಕ್ಕನ ಕಡೆ ತಿರುಗಲಿಲ್ಲ. ಚಿಕ್ಕಪ್ಪ ಗಾಡಿ ಕಟ್ಟಲು ಓಡಿದ. ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ಗಾಡಿ ಹೊರಟಾಗ ದೊಡ್ಡತ್ತೆ ಹೊರಗೆ ಬರಲಿಲ್ಲ. ರತ್ನ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಹೆಬ್ಬಾಳ ಕೆರೆಯ ಏರಿ ಹತ್ತುವಾಗ ಇಡೀ ಆಕಾಶ ಕಂಡಿತು. ಅಷ್ಟು ತಿಂಗಳು ಸೂರು ನೋಡಿದ ಕಣ್ಣಿಗೆ ಅದನ್ನು ತಡೆಯಲು ಆಗದೆ ಅಮ್ಮನ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡೆ.

ಡಾಕ್ಟರು ಪ್ಲಾಸ್ಟರ್ ಕತ್ತರಿಸಿ ತೆಗೆದಾಗ ಎದ್ದ ವಾಸನೆಗೆ ನರ್ಸಮ್ಮ ಮುಖ ತಿರುಗಿಸಿದರು. ಅಂಗೈಯಗಲ ಹುಣ್ಣು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಮೂಳೆಗೆ ಇಳಿದು ಮಗು ಉಳಿಯುತ್ತಿರಲಿಲ್ಲ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಅಮ್ಮನನ್ನು ಗದರಿದರು. ಹಿಂದೆ ನಿಂತಿದ್ದ ಅಪ್ಪ ಮುಂದೆ ಬಂದು, ಅವಳನ್ನ ಬೈಬೇಡಿ ಸ್ವಾಮಿ, ತಪ್ಪು ನಂದು ಎಂದ. ನನಗೆ ಅಷ್ಟು ನೋವಿನಲ್ಲೂ ಆ ಮಾತು ಕೇಳಿಸಿತು. ಬೆನ್ನುಮೂಳೆಯ ಕಾಯಿಲೆ ಮಾತ್ರ ತಗ್ಗಿತ್ತು. ಎಕ್ಸ್‌ರೇ ನೋಡಿ ಡಾಕ್ಟರಿಗೇ ಆಶ್ಚರ್ಯವಾಯಿತು. ಮನೆಯಲ್ಲಿ ಆರೈಕೆ ಚೆನ್ನಾಗಿ ನಡೆದಿದೆ ಎಂದರು. ಅದೂ ನಿಜ. ನನ್ನನ್ನು ಉಳಿಸಿದ್ದೂ ಕೊಳೆಸಿದ್ದೂ ಅದೇ ಕೈ. ಇದನ್ನು ಹೇಗೆ ಹೇಳಿದರೂ ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ. ಹಾಗೆ ಮಲಗಿದ್ದವರಿಗೆ ಮಾತ್ರ ಆಗುತ್ತದೆ.

ಪ್ಲಾಸ್ಟರ್ ತೆಗೆದ ಮೈ ನನ್ನದು ಅನ್ನಿಸಲಿಲ್ಲ. ಚರ್ಮ ಒಣಗಿದ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ನರ್ಸಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬೆನ್ನು ಒರೆಸಿದಾಗ ನಾನು ಜೋರಾಗಿ ಅತ್ತುಬಿಟ್ಟೆ. ಬಿಕ್ಕಲು ಜಾಗವಿತ್ತು. ಹುಣ್ಣು ಮಾಯುವವರೆಗೂ ವಾರ್ಡಿನಲ್ಲಿ ಇಟ್ಟುಕೊಂಡರು. ಅಮ್ಮ ನನ್ನ ಮಂಚದ ಕೆಳಗೆ ಮಲಗಿ ಎದ್ದಳು. ಅವಳು ಅನ್ನ ಕಲಸಿ ತಿನ್ನಿಸುವಾಗ ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಮಾತಾಡಬಹುದು ಅನ್ನುವುದು ನಮಗೆ ರೂಢಿಯಾಗಲು ಸಮಯ ಬೇಕಾಯಿತು.

ಕೊಡಿಗೇಹಳ್ಳಿಗೆ ಹೋಗುವಂತಿರಲಿಲ್ಲ. ಸೋಲದೇವನಹಳ್ಳಿಯಿಂದ ಮಾವ, ಅಂದರೆ ಅಮ್ಮನ ಅಣ್ಣ, ಬಂದು ತಮ್ಮ ಮನೆಗೆ ಕರೆದುಕೊಂಡು ಹೋದರು. ಸೊಂಟಕ್ಕೆ ತೊಗಲಿನ ಪಟ್ಟಿ, ಎರಡೂ ಪಕ್ಕ ಕಬ್ಬಿಣದ ಕಂಬಿ. ಅಮ್ಮ ನನ್ನ ಜೊತೆಗೇ ಇರುತ್ತಾಳೆ ಎಂದುಕೊಂಡಿದ್ದೆ. ಅಪ್ಪ ಬಂದ. ಅಕ್ಕಯ್ಯ ಉಣ್ಣುತ್ತಿಲ್ಲ ಎಂದು ಅಮ್ಮನಿಗೆ ಹೇಳಿದ. ಅಮ್ಮ ತನ್ನ ಸೀರೆಗಳನ್ನು ಮಡಿಸಿ ಗಂಟು ಕಟ್ಟಿದಳು. ನಾನು ಅವಳ ಮೇಲೆ ರೇಗಿದೆ. ನನ್ನನ್ನು ಬಿಡಿಸಿದವಳು ತಾನು ಯಾಕೆ ವಾಪಸ್ ಹೋಗಿ ಸಿಕ್ಕಿಕೊಳ್ಳಬೇಕು ಎಂದು ಕೇಳಿದೆ.

"ರತ್ನ ಅಲ್ಲೇ ಅವ್ಳೆ," ಅಂದಳು. ಗಂಟನ್ನು ಇನ್ನಷ್ಟು ಬಿಗಿದು, "ನಿನ್ನ ಬಿಡಿಸಾಕೆ ಆಸ್ಪತ್ರೆ ಇತ್ತು. ನನ್ನ ಬಿಡಿಸಾಕೆ ಯಾವ ಜಾಗ ಐತೆ," ಅಂದಳು.

ಗಂಟೆತ್ತಿಕೊಂಡು ಅಪ್ಪನ ಜೊತೆ ಹೊರಟಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ವಾಸಿಯಾದೆ. ಬೆನ್ನು ಸ್ವಲ್ಪ ಬಾಗಿದೆ, ಅಷ್ಟೆ. ಮಾವನ ಮನೆಯಲ್ಲಿದ್ದುಕೊಂಡು ಓದು ಮುಂದುವರಿಸಿ ಸ್ಕೂಲಿನಲ್ಲಿ ಮೇಡಂ ಆದೆ. ಮದುವೆಯೂ ಆಯಿತು, ಮಕ್ಕಳೂ ಆದವು. ಗಂಡಿನ ಕಡೆಯವರಿಗೆ ಕ್ಷಯವಾಗಿತ್ತೆಂದು ನಾನೇ ಬಾಯಿಬಿಟ್ಟು ಹೇಳಿದೆ. ಮರದಿಂದ ಬಿದ್ದೆ ಎಂದು ಇನ್ನೊಂದು ಸಲ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ದೊಡ್ಡತ್ತೆ ತಮ್ಮ ಮಾತಿನಂತೆ ನನ್ನನ್ನು ಮನೆಗೆ ಸೇರಿಸಲಿಲ್ಲ. ಆದರೆ ಪ್ರತಿ ವರ್ಷ ಕೊಯ್ಲಿನಲ್ಲಿ ಒಂದು ಬುಟ್ಟಿ ದ್ರಾಕ್ಷಿ ಬರುತ್ತಿತ್ತು. ಯಾರು ಕಳಿಸಿದ್ದು ಎಂದು ತಂದವನು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಅವರು ತೀರಿಹೋದಾಗ ಅಪ್ಪ ಹೇಳಿಕಳಿಸಿದ. ಹೋದೆ. ಅಳು ಬರುತ್ತದೆಂದು ಎಣಿಸಿರಲಿಲ್ಲ. ತುಂಬ ಬಂತು.

ಆದರೆ ನನ್ನ ಕಾಯಿಲೆ ಮುಗಿದ ದಿನ ಯಾವುದೆಂದು ಕೇಳಿದರೆ ಇವು ಯಾವುವೂ ಅಲ್ಲ. ಅಮ್ಮ ಕೊಡಿಗೇಹಳ್ಳಿಗೆ ವಾಪಸ್ ಹೋದ ಮೇಲೆ ಎಷ್ಟೋ ತಿಂಗಳು ನನ್ನನ್ನು ನೋಡಲು ಬರಲು ಅವಳಿಗೆ ಅಪ್ಪಣೆ ಸಿಗಲಿಲ್ಲ. ನಾನು ಮಾವನ ಮನೆಯ ಜಗುಲಿಯ ಮೇಲೆ ಗೋಡೆ ಹಿಡಿದು ನಡೆಯುವುದನ್ನು ಕಲಿತೆ. ಆಮೇಲೆ ಅಂಗಳದಲ್ಲಿ, ಆಮೇಲೆ ಕಣದವರೆಗೆ. ಒಂದು ದಿನ ಅಮ್ಮ ಬರುತ್ತಾಳೆಂದು ಸುದ್ದಿ ಬಂತು. ಹೆಸರಘಟ್ಟ ರಸ್ತೆಯಲ್ಲಿ ಬಸ್ಸು ನಿಲ್ಲುವ ಜಾಗದವರೆಗೆ ನಾನೊಬ್ಬಳೇ ನಿಧಾನವಾಗಿ ನಡೆದುಹೋಗಿ ನಿಂತೆ.

ಬಸ್ಸಿಳಿದ ಅಮ್ಮ ನನ್ನನ್ನು ನೋಡಿದಳು, ನನ್ನನ್ನು ದಾಟಿ ಹಿಂದಿನ ದಾರಿಯನ್ನು ನೋಡಿದಳು. ಮಾವನನ್ನು ಹುಡುಕುತ್ತಿದ್ದಳು. ಮಗಳು ಮಂಚದ ಮೇಲೆಯೇ ಇರುತ್ತಾಳೆ, ತಾನು ಮನೆಯವರೆಗೆ ಹೋಗಬೇಕು ಎಂದು ಅವಳ ಲೆಕ್ಕ. ಅಮ್ಮ ಅಂದೆ. ಅವಳು ತಿರುಗಿದಳು. ಒಂದು ಹೆಜ್ಜೆ ಹತ್ತಿರ ಬಂದು ಕತ್ತೆತ್ತಿ ನನ್ನ ಮುಖ ನೋಡಿದಳು. ಪ್ಲಾಸ್ಟರಿನೊಳಗೆ ಮಲಗಿದ್ದಾಗಲೂ ನಾನು ಬೆಳೆಯುತ್ತಲೇ ಇದ್ದೆ. ಯಾರೂ ಗಮನಿಸಿರಲಿಲ್ಲ, ನನಗೂ ತಿಳಿದಿರಲಿಲ್ಲ. ನಾನು ಅವಳಿಗಿಂತ ಎತ್ತರವಾಗಿದ್ದೆ.

"ಇಷ್ಟುದ್ದ ಆಗ್ಬಿಟ್ಟಿದೀಯೇನೆ ನೀನು," ಅಂದಳು. ಕೈ ಎತ್ತಿ ನನ್ನ ತಲೆ ಮುಟ್ಟಿ ನೋಡಿದಳು.

ಮಧ್ಯಾಹ್ನ ಮಾವನ ಮನೆಯಲ್ಲಿ ಉಂಡೆವು. ಅವಳು ನನ್ನ ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿದಳು. ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಅವಳಿಗೆ ಅಪ್ಪಣೆಯಾಗಿತ್ತು. ಸಂಜೆಯ ಬಸ್ಸು ಹತ್ತಿಸಲು ನಾನೇ ಜೊತೆಗೆ ಹೋದೆ. ಬಸ್ಸು ಹೊರಟಿತು, ತಿರುವಿನಲ್ಲಿ ಮರೆಯಾಯಿತು, ಅದರ ಧೂಳೂ ಇಳಿಯಿತು. ನಾನು ರಸ್ತೆಯ ಪಕ್ಕ ಇನ್ನೂ ನಿಂತಿದ್ದೆ. ಆಧಾರಕ್ಕೆ ಏನನ್ನೂ ಹಿಡಿದುಕೊಂಡಿರಲಿಲ್ಲ.